ಓಟದ ಪದಗಳ ಡಬ್ಬಿ

ನಾನು ನಡೆಯುವುದು ಜೋರು. ಮೂವತ್ತೆರಡು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತಳಾದವಳು, ಈಗ ಅರವತ್ತೊಂದು ತುಂಬಿದೆ. ಆದರೂ ಬಳ್ಳಾರಿಯ ಬಿಸಿಲಿನಲ್ಲಿ ನನ್ನ ಜೊತೆ ಹೆಜ್ಜೆ ಹಾಕುವವರು ಒಂದು ಓಣಿ ದಾಟುವಷ್ಟರಲ್ಲಿ ಏದುಸಿರು ಬಿಡುತ್ತಾರೆ. ಊಟ ಮಾಡುವುದು ಜೋರು, ಮಾತು ಜೋರು, ಸಿಟ್ಟು ಬರುವುದು ಇನ್ನೂ ಜೋರು. ‘ಆತುರಗಾರನಿಗೆ ಬುದ್ಧಿ ಮಟ್ಟ’ ಎಂದು ನಮ್ಮವ್ವ ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದಳು. ಆ ಗಾದೆ ಗಂಡಸರಿಗೆ ಮಾತ್ರ ಅನ್ವಯಿಸುತ್ತದೆ ಎಂದು ನಾನು ವಾದ ಹೂಡುತ್ತಿದ್ದೆ.

ಅರಬ್ಬಿಯ ಕಡೆಗೆ ನನ್ನನ್ನು ಎಳೆದದ್ದು ‘ಜಾರಿ’ ಎಂಬ ಪದ. ಯಾವುದೋ ಹೊಸ ನಿಯಮ ‘ಇಂದಿನಿಂದ ಜಾರಿ’ ಎಂದು ಗೋಡೆಗೆ ಅಂಟಿಸಿದ್ದರು. ಜಾರಿ ಎನ್ನುವುದು ಜಾರುವುದರಿಂದ ಬಂದದ್ದೆಂದು ನಾನು ಮೂವತ್ತೆರಡು ವರ್ಷ ಧೈರ್ಯವಾಗಿ ಪಾಠ ಮಾಡಿದ್ದೆ. ಸರ್ಕಾರದ ಆಜ್ಞೆ ಮೇಲಿನಿಂದ ಜಾರಿಕೊಂಡು ಬರುತ್ತದೆ, ನಡುವೆ ಎಲ್ಲಾದರೂ ಸಿಕ್ಕಿಕೊಳ್ಳುತ್ತದೆ ಎಂದು ಹುಡುಗರನ್ನು ನಗಿಸಿಯೂ ಇದ್ದೆ. ಕೌಲ್ ಬಜಾರಿನಲ್ಲಿ ರವಿಕೆ ಹೊಲಿಸಲು ಹೋದಾಗ ದರ್ಜಿಯ ಮುಂದೆ ಇದೇ ಮಾತು ಹೇಳಿದೆ. ಅವನು ಅಳತೆಯ ಟೇಪು ಕೊರಳಿಗೆ ಹಾಕಿಕೊಂಡೇ ನಕ್ಕು, ಅದು ಅರಬ್ಬಿ ಮಾತು, ಬೇಕಾದರೆ ಮೇಲಿನ ಮನೆಯ ಉಸ್ತಾದರನ್ನು ಕೇಳಿ ಎಂದ. ನಾನು ಅಳತೆಯನ್ನು ಅರ್ಧಕ್ಕೆ ಬಿಟ್ಟು ಮೆಟ್ಟಿಲು ಹತ್ತಿದೆ.

ಉಸ್ತಾದರು ಉರ್ದು ಶಾಲೆಯಲ್ಲಿ ಮೇಷ್ಟರಾಗಿದ್ದವರು. ಎಪ್ಪತ್ತೆಂಟು ವಯಸ್ಸು. ಚಾಪೆಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. ನಾನು ಉಸಿರು ತೆಗೆದುಕೊಳ್ಳದೆ ಪ್ರಶ್ನೆ ಕೇಳಿದೆ. ಅವರು ಮೊದಲು ಕೂರಲು ಹೇಳಿದರು, ಸೊಸೆಯನ್ನು ಕರೆದು ಚಹಾ ತರಿಸಿದರು, ಆಮೇಲೆ ನಿಧಾನವಾಗಿ ಶುರುಮಾಡಿದರು. ಜರ್ಯ್ ಎಂದರೆ ಹರಿಯುವುದು, ಓಡುವುದು. ನೀರಿಗೂ ಅದೇ, ಕುದುರೆಗೂ ಅದೇ, ಆಕಾಶದಲ್ಲಿ ಸಾಗುವ ಸೂರ್ಯನಿಗೂ ಹಾಯಿದೋಣಿಗೂ ಅದೇ.

“ಕಾಯ್ದೆ ಜಾರಿ ಆಗೈತಿ ಅಂದ್ರ ಅದು ಹರಿಯಾಕ ಹತ್ತೈತಿ ಅಂತ, ತಂಗೆಮ್ಮ. ಜಾರಿ ಬಿದ್ದೈತಿ ಅಂತಲ್ಲ” ಎಂದರು.

ಮೂವತ್ತೆರಡು ವರ್ಷದ ವಿದ್ಯಾರ್ಥಿಗಳೆಲ್ಲ ಒಟ್ಟಿಗೆ ಎದುರು ಬಂದು ನಿಂತಂತಾಗಿ ನನಗೆ ನಾಚಿಕೆಯಾಯಿತು. ಮರುದಿನವೇ ಎರಡು ನೂರು ಪುಟದ ನೋಟುಬುಕ್ಕು ಹಿಡಿದು ಹೋದೆ. ಈ ವಯಸ್ಸಿನಲ್ಲಿ ಅರಬ್ಬಿ ಕಲಿತು ಯಾರನ್ನು ಬೈಯಬೇಕೆಂದಿದ್ದೀ ಎಂದು ಮನೆಯವರು ಕೇಳಿದರು. ಕನ್ನಡದಲ್ಲಿ ಬೈದು ಬೈದು ಸಾಕಾಗಿದೆ ಎಂದೆ.

ವಾರಕ್ಕೆ ಎರಡು ದಿನ, ಮಂಗಳವಾರ ಮತ್ತು ಶನಿವಾರ. ಹನ್ನೊಂದಕ್ಕೆ ಹೋದರೆ ಮಧ್ಯಾಹ್ನದ ಅಜಾನ್ ಕೇಳುವವರೆಗೆ ಪಾಠ. ಆ ಕೋಣೆಯ ಕೆಳಗಿನ ಅಂತಸ್ತಿನಲ್ಲಿ ಜೀನ್ಸ್ ಹೊಲಿಯುವ ಮಿಷನ್ನುಗಳಿದ್ದವು. ಅವು ಒಟ್ಟಿಗೆ ಓಡುವಾಗ ನೆಲ ಸಣ್ಣಗೆ ನಡುಗುತ್ತಿತ್ತು. ಆ ನಡುಕ ಚಾಪೆಯಿಂದ ಕಾಲಿಗೆ, ಕಾಲಿನಿಂದ ಬೆನ್ನಿಗೆ ಏರಿ ಸುಖವಾದ ಮಂಪರು ತರುತ್ತಿತ್ತು. ಕಿಟಕಿಯಲ್ಲಿ ಕೋಟೆಗುಡ್ಡದ ಬಂಡೆ ಬಿಸಿಲಿಗೆ ತೇಲಿದಂತೆ ಕಾಣುತ್ತಿತ್ತು. ನಿಂತಲ್ಲಿ ನಿಲ್ಲದ ನಾನು ಆ ಕೋಣೆಯಲ್ಲಿ ಮಾತ್ರ ಎರಡು ತಾಸು ಅಲ್ಲಾಡದೆ ಕೂರುತ್ತಿದ್ದೆ. ಓಡುವ ಪದಗಳು ಹತ್ತಿರ ಬಂದು, ಮುಖ ತೋರಿಸಿ, ಹೋಗುತ್ತಿದ್ದವು.

ಮೊದಲ ದಿನ ಬಂದದ್ದು ದಬೀಬ್. ಇರುವೆ ಹರಿಯುವ ನಡೆ. ಮೈಯೊಳಗೆ ಕಾಯಿಲೆ ಹರಡುವುದಕ್ಕೂ ಅದೇ ಮಾತು, ಸದ್ದಿಲ್ಲದೆ ಬರುತ್ತದೆ. ಆಮೇಲೆ ದರಜಾನ್, ಆಗತಾನೆ ನಡೆಯಲು ಕಲಿತ ಕೂಸಿನ ಹೆಜ್ಜೆ, ಮುದುಕರ ಹೆಜ್ಜೆಯೂ ಹೌದು. ಒಂದೊಂದೇ ಮೆಟ್ಟಿಲು ಎನ್ನುವ ಅರ್ಥ ಆ ಬೇರಿನಲ್ಲಿದೆ, ನಮ್ಮ ‘ದರ್ಜೆ’ ಬಂದದ್ದು ಅಲ್ಲಿಂದ. ನಮ್ಮ ಕಾಲೇಜಿನ ಪ್ರಥಮ ದರ್ಜೆ ಸಹಾಯಕರು ಒಂದು ಫೈಲು ಹಿಡಿದು ಕಾರಿಡಾರು ದಾಟುತ್ತಿದ್ದ ಪರಿ ನೆನಪಾಗಿ ನಾನು ನಕ್ಕೆ. ಹರ್ವಲಾ ಎಂದರೆ ನಡಿಗೆಯೂ ಅಲ್ಲದ ಓಟವೂ ಅಲ್ಲದ, ಬಸ್ಸು ಹೊರಡುತ್ತಿರುವಾಗಿನ ನಮ್ಮ ಹೆಜ್ಜೆ. ರಕ್ದ್ ಎಂಬುದರ ಬೇರಿನಲ್ಲಿರುವುದು ಕಾಲಿನಿಂದ ಒದೆಯುವುದು. ಸವಾರ ಹಿಮ್ಮಡಿಯಿಂದ ಕುದುರೆಯ ಪಕ್ಕೆಗೆ ತಿವಿದದ್ದೇ ಬರಬರುತ್ತ ಓಟ ಎಂಬ ಅರ್ಥ ಕೊಟ್ಟಿತು. ಅದ್ವ್ ಎಂಬ ಇನ್ನೊಂದು ಓಟದ ಬೇರು ಗೆರೆ ದಾಟುವುದು. ವೈರಿಗೂ ಅದೇ ಬೇರು, ಒಬ್ಬರಿಂದ ಒಬ್ಬರಿಗೆ ದಾಟುವ ರೋಗಕ್ಕೂ ಅದೇ. ಖಬಬ್ ಕುದುರೆಯ ಸಣ್ಣ ಓಟ, ಆದರೆ ಕಡಲು ಎದ್ದು ಅಲೆಯಾಡುವುದಕ್ಕೂ ಆ ಬೇರನ್ನೇ ಬಳಸುತ್ತಾರೆ. ಮುಂಗಾಲು ಚಾಚಿ ಓಡುವ ಕುದುರೆಯನ್ನು ಈಜುವವನು ಎಂದೇ ಕರೆಯುತ್ತಾರೆ. ಅಜಲ ಎಂದರೆ ಅವಸರ. ಕರುವಿಗೂ ಗಾಲಿಗೂ ಆ ಬೇರಿನ ಹೆಸರೇ ಇದೆ. ಅದು ಗೊತ್ತಾದ ದಿನದಿಂದ ಉಸ್ತಾದರು ನನ್ನನ್ನು ಆಗಾಗ ಕರು ಎಂದು ಛೇಡಿಸುತ್ತಿದ್ದರು.

ಅವರಿಗೆ ಓಟದ ಹುಚ್ಚು ಹಿಡಿದದ್ದು ತಂದೆಯಿಂದ. ತಂದೆ ರೈಲ್ವೆ ಸ್ಟೇಷನ್ನಿನಿಂದ ಕೌಲ್ ಬಜಾರಿಗೆ ಜಟಕಾ ಓಡಿಸುತ್ತಿದ್ದರಂತೆ. ಗೊರಸಿನ ಸದ್ದು ಕೇಳಿಯೇ ಯಾವ ಕುದುರೆ, ಎಷ್ಟು ದಣಿದಿದೆ ಎಂದು ಹೇಳುತ್ತಿದ್ದರಂತೆ. ಮಗ ದೊಡ್ಡವನಾಗಿ ಹಳೆಯ ಅರಬ್ಬಿ ನಿಘಂಟುಗಳನ್ನು ತೆರೆದಾಗ, ಅಪ್ಪನಿಗೆ ಕಿವಿಯಲ್ಲಿ ಗೊತ್ತಿದ್ದಕ್ಕೆಲ್ಲ ಅಲ್ಲಿ ಒಂದೊಂದು ಹೆಸರಿತ್ತು. ಆ ಹೆಸರುಗಳನ್ನು ಅವರು ನಲವತ್ತು ವರ್ಷ ಕೂಡಿಟ್ಟರು.

ಕೂಡಿಟ್ಟದ್ದು ಬಿಸ್ಕತ್ತಿನ ಉದ್ದನೆಯ ತಗಡಿನ ಡಬ್ಬಿಯಲ್ಲಿ. ಲಗ್ನಪತ್ರಿಕೆಗಳನ್ನು ಒಂದೇ ಅಳತೆಗೆ ಕತ್ತರಿಸಿ ಮಾಡಿದ ಇನ್ನೂರಕ್ಕೂ ಹೆಚ್ಚು ಚೀಟಿಗಳು. ಒಂದು ಬದಿಗೆ ಯಾರದೋ ಮದುವೆಯ ಚಿನ್ನದ ಬಳ್ಳಿ, ಉಬ್ಬು ಗಣಪತಿ, ಚಂದ್ರ ನಕ್ಷತ್ರ. ಇನ್ನೊಂದು ಬದಿಗೆ ಅರಬ್ಬಿ ಪದ, ಅದರ ಬೇರು, ಕೆಳಗೆ ಕನ್ನಡದಲ್ಲಿ ಅರ್ಥ, ಅದಕ್ಕೂ ಕೆಳಗೆ ‘ಸಾಕ್ಷಿ’. ಈ ಸಾಕ್ಷಿಯೇ ಅವರ ಪದ್ಧತಿ. ನಿಘಂಟಿನಲ್ಲಿ ಇದೆ ಎಂದ ಮಾತ್ರಕ್ಕೆ ಅವರು ಪದವನ್ನು ಒಪ್ಪುತ್ತಿರಲಿಲ್ಲ. ಆ ಚಲನೆಯನ್ನು ಈ ಸೀಮೆಯಲ್ಲಿ ಸ್ವಂತ ಕಣ್ಣಿನಿಂದ ಕಂಡ ಮೇಲೆಯೇ ಕನ್ನಡದ ಅರ್ಥ ಬರೆಯುತ್ತಿದ್ದರು. ಝಫ್ ಎಂದರೆ ಉಷ್ಟ್ರಪಕ್ಷಿ ಓಟ ಶುರುಮಾಡುವ ರೀತಿ, ಮದುಮಗಳನ್ನು ಮೆರವಣಿಗೆಯಲ್ಲಿ ಕರೆದೊಯ್ಯುವುದಕ್ಕೂ ಅದೇ ಮಾತು. ಬಳ್ಳಾರಿಯಲ್ಲಿ ಉಷ್ಟ್ರಪಕ್ಷಿ ಎಲ್ಲಿಂದ ಬರಬೇಕು? ಹನ್ನೊಂದು ವರ್ಷ ಆ ಚೀಟಿ ಖಾಲಿ ಇತ್ತಂತೆ. ಆಮೇಲೆ ಬರೆದರು: ‘ರೆಕ್ಕೆ ಅರ್ಧ ಬಿಚ್ಚಿ ಓಡಿದ ನವಿಲು, ಜೋಳದ ಹೊಲ, ಬೆಳಗಿನ ಹೊತ್ತು.’

ನಾನು ಹೋಗುವ ಹೊತ್ತಿಗೆ ಅವರ ಕಣ್ಣು ಕೆಡಲು ಶುರುವಾಗಿ ಎರಡು ವರ್ಷವಾಗಿತ್ತು. ವಿಚಿತ್ರವಾದ ಕಾಯಿಲೆ. ನೋಟದ ನಡುಭಾಗ ಅಳಿಸಿಹೋಗುತ್ತದೆ, ಅಂಚು ಮಾತ್ರ ಉಳಿಯುತ್ತದೆ. ಎದುರು ಕೂತವರ ಮುಖ ಕಾಣದು, ಅಕ್ಷರ ಕಾಣದು. ಆದರೆ ಪಕ್ಕದಲ್ಲಿ ಏನಾದರೂ ಸರಿದರೆ ತಕ್ಷಣ ಗೊತ್ತಾಗುತ್ತಿತ್ತು. ನಿಂತದ್ದೆಲ್ಲ ಹೋಯಿತು, ಓಡುವುದಷ್ಟೇ ನನಗೆ ಉಳಿಯಿತು ಎಂದು ಅವರು ನಗುತ್ತಿದ್ದರು. ಹುಬ್ಬಳ್ಳಿಗೆ ಹೋಗಿ ಕಣ್ಣಿಗೆ ಇಂಜೆಕ್ಷನ್ ಹಾಕಿಸಿಕೊಂಡು ಬರುತ್ತಿದ್ದರು. ಅದರ ಬಗ್ಗೆ ಅವರಿಗೆ ಅಂಥ ದುಃಖವಿರಲಿಲ್ಲ. ಭಯವಿದ್ದದ್ದು ಬೇರೆಯದರ ಬಗ್ಗೆ. ಅವರ ಅಣ್ಣ ಕೊನೆಗಾಲದಲ್ಲಿ ಹೆತ್ತ ಮಕ್ಕಳನ್ನೇ ಯಾರು ನೀವು ಎಂದು ಕೇಳುವಂತಾಗಿದ್ದರಂತೆ. “ಕಣ್ಣು ಹೋದ್ರ ಹೋಗ್ಲಿ, ತಲಿ ಒಂದು ಇರ್ಲಿ” ಎಂಬುದು ಅವರ ದಿನನಿತ್ಯದ ಬೇಡಿಕೆ.

ಕಣ್ಣು ಕಾಣದಿದ್ದರೂ ಬೇಕಾದ ಚೀಟಿ ಅವರ ಕೈಗೆ ಸಿಗುತ್ತಿತ್ತು. ಡಬ್ಬಿಯ ಮೇಲೆ ಬೆರಳು ಆಡಿಸಿ, ಒಂದು ಕಡೆ ನಿಂತು, ಎರಡು ಚೀಟಿ ಆಚೆ ಈಚೆ ಸರಿಸಿ ತೆಗೆದರೆ ಅದೇ ಪದ. ಸೊಸೆ ಓದಿ ಹೌದೆನ್ನುತ್ತಿದ್ದಳು. ಅದು ಹೇಗೆ ಎಂದು ನಾನು ಕೇಳಲಿಲ್ಲ. ಉಬ್ಬು ಗಣಪತಿಗಳು ಬೆರಳಿಗೆ ತಾಗುತ್ತವೆ, ಅದರ ಗುರುತು ಇರಬೇಕು ಎಂದು ನಾನೇ ತೀರ್ಮಾನಿಸಿದ್ದೆ. ತೀರ್ಮಾನ ಮಾಡುವುದೂ ನನಗೆ ಜೋರು.

ಮಳೆಗಾಲ ಮುಗಿಯುವ ಹೊತ್ತಿಗೆ ಕುರುಗೋಡಿಗೆ ಹೋಗೋಣ ಎಂದರು. ನಸಲಾನ್ ಎಂಬ ಚೀಟಿಗೆ ಇನ್ನೂ ಸಾಕ್ಷಿ ಸಿಕ್ಕಿರಲಿಲ್ಲ. ಇಳಿಜಾರಿನಲ್ಲಿ ಅವಸರವಾಗಿ ಇಳಿದು ಬರುವ ಓಟ ಅದು, ತೋಳದ ಓಟಕ್ಕೂ ಹೇಳುತ್ತಾರೆ. ಆ ಬೇರಿಗೆ ಇನ್ನೂ ಎರಡು ಅರ್ಥ: ಮೈಯಿಂದ ಕೂದಲು ಅಥವಾ ಗರಿ ಉದುರುವುದು, ಸಂತಾನ. ಒಂದೇ ಬೇರಿಗೆ ಈ ಮೂರು ಹೇಗೆ ಕೂಡಿದವು ಎಂದು ಅವರಿಗೆ ನಲವತ್ತು ವರ್ಷವಾದರೂ ಹೊಳೆದಿರಲಿಲ್ಲ. ಸೊಸೆ ಬುತ್ತಿ ಕಟ್ಟಿದಳು, ಮೂವರೂ ಬಸ್ಸಿನಲ್ಲಿ ಹೋದೆವು.

ಗುಡ್ಡದ ಬುಡದಲ್ಲಿ ಬಂಡೆಯ ನೆರಳಿಗೆ ಕೂತು ಒಗ್ಗರಣೆ ಮಂಡಕ್ಕಿ ತಿಂದೆವು. ಗಾಳಿ ಬೆಚ್ಚಗಿತ್ತು. ಬಂಡೆಗಳು ಒಂದರ ಮೇಲೊಂದು ಮಲಗಿ ನಿದ್ದೆ ಹೋಗಿದ್ದವು. ನನಗೂ ಜೊಂಪು ಹತ್ತುತ್ತಿತ್ತು. ಆಗ ಮೇಲಿನಿಂದ ಕುರಿಹಿಂಡು ಇಳಿಯತೊಡಗಿತು. ಮೊದಲು ಸದ್ದು, ಆಮೇಲೆ ಧೂಳು, ಆಮೇಲೆ ಕಪ್ಪು ಬೆನ್ನುಗಳು. ಇಡೀ ಗುಡ್ಡವೇ ಕರಗಿ ಕೆಳಗೆ ಬರುತ್ತಿರುವಂತಿತ್ತು. ಉಸ್ತಾದರು ಹಿಂಡಿಗೆ ಬೆನ್ನು ಕೊಟ್ಟವರ ಹಾಗೆ ಮುಖವನ್ನು ಬೇರೆ ಕಡೆಗೆ ತಿರುಗಿಸಿದರು, ಕಣ್ಣಿನ ಅಂಚಿಗೆ ಸಿಗಲೆಂದು. ಹಾಗೇ ಕೂತು ಬಾಯಿ ತೆರೆದು ನೋಡಿದರು. ಹಿಂಡು ಇಳಿದುಹೋದ ಮೇಲೆ ನಾನು ಎದ್ದು ಹೋಗಿ ನೋಡಿದೆ. ದಾರಿಯ ಜಾಲಿಗಿಡಗಳ ಮುಳ್ಳಿಗೆಲ್ಲ ಉಣ್ಣೆಯ ಎಳೆ ಸಿಕ್ಕಿಕೊಂಡಿತ್ತು. ಹಿಂದೆ ಉಳಿದಿದ್ದ ನಾಲ್ಕು ಮರಿಗಳು ಅರಚಿಕೊಂಡು ತಾಯಂದಿರ ಹಿಂದೆ ಓಡಿದವು. ಬಂದು ಹೇಳಿದೆ: ಓಟ ಇಲ್ಲಿದೆ, ಉದುರಿದ ಕೂದಲು ಇಲ್ಲಿದೆ, ಸಂತಾನ ಹಿಂದೆ ಓಡುತ್ತಿದೆ. ಅವರು ನನ್ನ ಕೈಯಿಂದ ಆ ಉಣ್ಣೆಯ ಎಳೆ ತೆಗೆದುಕೊಂಡು ಬೆರಳಲ್ಲಿ ಬಹಳ ಹೊತ್ತು ಹೊಸೆದರು. ನನ್ನ ಜೀವನದಲ್ಲಿ ಅಷ್ಟು ಸಂತೋಷದ ಮಧ್ಯಾಹ್ನಗಳು ಕಡಿಮೆ. ಚೀಟಿಯ ಮೇಲೆ ‘ಸಾಕ್ಷಿ: ಕುರುಗೋಡು, ಕುರಿಹಿಂಡು’ ಎಂದು ನಾನೇ ಬರೆದೆ, ಅವರು ಹೇಳಿದಂತೆ.

ಕಾರ್ತಿಕದಲ್ಲಿ ಅವರು ಇಂಜೆಕ್ಷನ್ನಿಗೆಂದು ಮಗನ ಜೊತೆ ಹುಬ್ಬಳ್ಳಿಗೆ ಹೋದರು. ಮೂರು ದಿನ. ಆಗ ನನ್ನ ತಲೆಗೊಂದು ಉಪಕಾರ ಹೊಳೆಯಿತು. ನಾನು ಹಿಂದೆ ಒಂದು ಪದಕೋಶದ ಕೆಲಸದಲ್ಲಿ ರಜೆಯೆಲ್ಲ ಚೀಟಿ ಜೋಡಿಸಿದವಳು. ಉಸ್ತಾದರ ಡಬ್ಬಿಯನ್ನು ನೋಡಿದಾಗಲೆಲ್ಲ ಕೈ ತುರಿಸುತ್ತಿತ್ತು. ‘ಹ’ ಪಕ್ಕದಲ್ಲಿ ‘ರ’, ‘ರ’ ಪಕ್ಕದಲ್ಲಿ ‘ಜ’, ತಲೆ ಬುಡವಿಲ್ಲ. ನೋಟುಬುಕ್ಕಿಗೆ ನಕಲು ಮಾಡಿಕೊಡುತ್ತೇನೆಂದು ಸೊಸೆಯಿಂದ ಡಬ್ಬಿ ಮನೆಗೆ ತಂದೆ. ಇನ್ನೂರು ಚಿಲ್ಲರೆ ಚೀಟಿಯನ್ನು ಹಾಸಿಗೆಯ ಮೇಲೆ ಹರಡಿ, ಕನ್ನಡ ಉಚ್ಚಾರದ ಪ್ರಕಾರ ಅಕಾರಾದಿಯಾಗಿ ಜೋಡಿಸಿದೆ. ನಕಲಿಗೆ ಹೊತ್ತು ಸಾಲಲಿಲ್ಲ, ಜೋಡಿಸುವುದರಲ್ಲೇ ಎರಡು ದಿನ ಹೋಯಿತು. ಮೂರನೆಯ ದಿನ ಡಬ್ಬಿ ವಾಪಸು ಇಟ್ಟು ಬಂದೆ. ಅಕಾರಾದಿ ಗೊತ್ತಿರುವ ಯಾರೇ ಆಗಲಿ ಈಗ ಒಂದು ನಿಮಿಷದಲ್ಲಿ ಪದ ಹುಡುಕಬಹುದು ಎಂದು ಬೀಗಿದೆ. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ ಎಂದು ಗೊತ್ತಾದದ್ದು ಶನಿವಾರ.

ಶನಿವಾರ ನಾನು ಈ ಸುದ್ದಿಯನ್ನು ಕಾಣಿಕೆಯ ಹಾಗೆ ಕೊಡಬೇಕೆಂದು ಸಿದ್ಧಳಾಗಿ ಕೂತಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಅವರು ಡಬ್ಬಿ ಹತ್ತಿರ ಎಳೆದು, ಬೆರಳಾಡಿಸಿ, ಒಂದು ಚೀಟಿ ಎತ್ತಿ, ಹರ್ವಲಾದ ಬಗ್ಗೆ ಹೋದ ವಾರ ಬಿಟ್ಟ ಮಾತನ್ನು ಮುಂದುವರಿಸಿದರು. ಚೀಟಿ ನನ್ನ ಕಡೆಗಿತ್ತು. ಅದರಲ್ಲಿದ್ದದ್ದು ಜರ್ಯ್. ಸೊಸೆ ಬಾಗಿಲಲ್ಲಿ ನಿಂತಿದ್ದಳು, ಅವಳೂ ಓದಿದಳು. “ಅಬ್ಬಾ, ಅದು ಬ್ಯಾರೆ ಐತ್ರಿ” ಎಂದಳು ಮಾವನಿಗೆ. ಅವರು ನಕ್ಕು ಅದನ್ನು ಅಲ್ಲೇ ಸಿಕ್ಕಿಸಿ ಪಕ್ಕದ್ದನ್ನು ತೆಗೆದರು. ಅದೂ ಬೇರೆ. ಮೂರನೆಯದೂ ಬೇರೆ. ಬೆರಳುಗಳು ಡಬ್ಬಿಯ ಮೊದಲಿಂದ ಕೊನೆಯವರೆಗೆ ಒಂದು ಸಲ ಹೋಗಿ ಬಂದವು.

ಹಾಸಿಗೆಯ ಮೇಲೆ ಹರಡುವ ಮೊದಲು ಕಂಡಿದ್ದ ಸಾಲು ನೆನಪಾಗಿ, ಆ ಕ್ಷಣಕ್ಕೆ ನನಗೆ ಎಲ್ಲ ತಿಳಿದುಹೋಯಿತು. ಡಬ್ಬಿಗೆ ಕ್ರಮವಿತ್ತು. ವೇಗದ ಕ್ರಮ. ಇರುವೆಯಿಂದ ಶುರುವಾಗಿ, ಕೂಸು, ಮುದುಕ, ದಾರಿಹೋಕ, ಕುದುರೆ, ನವಿಲು ದಾಟಿ, ಕೊನೆಯಲ್ಲಿ ಕಣ್ಣು ಕಸಿದುಕೊಳ್ಳುವ ಮಿಂಚಿನವರೆಗೆ. ನಲವತ್ತು ವರ್ಷ ಒಂದೊಂದೇ ಪದವನ್ನು, ಇದು ಅದಕ್ಕಿಂತ ಒಂದು ಕೂದಲಷ್ಟು ಜೋರು ಎಂದು ತೂಗಿ ನೋಡಿ ಇಟ್ಟ ಜಾಗಗಳು. ಅವರು ಓದುತ್ತಿದ್ದದ್ದು ಆ ಜಾಗಗಳನ್ನು. ನಾನು ಅವನ್ನು ಎರಡು ದಿನದಲ್ಲಿ ಅಳಿಸಿದ್ದೆ. ನಕಲಿಗೆಂದು ಡಬ್ಬಿ ಕೊಟ್ಟ ಸೊಸೆಗೆ ಆ ಕ್ರಮವೂ ಗೊತ್ತಿರಲಿಲ್ಲ, ನಾನು ಕೆಡಿಸಿದ್ದೂ ಗೊತ್ತಿರಲಿಲ್ಲ.

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಮೂವತ್ತೆರಡು ವರ್ಷ ಇತರರ ತಪ್ಪಿಗೆ ಕೆಂಪು ಗೆರೆ ಎಳೆದವಳಿಗೆ ತನ್ನ ತಪ್ಪನ್ನು ಬಾಯಿಬಿಟ್ಟು ಹೇಳಿ ಅಭ್ಯಾಸವಿರಲಿಲ್ಲ. ಗುಟ್ಟಾಗಿ ಮತ್ತೆ ಜೋಡಿಸಿಬಿಡುತ್ತೇನೆ, ಅವರಿಗೆ ಗೊತ್ತೇ ಆಗುವುದು ಬೇಡ ಎಂದುಕೊಂಡೆ. ಆದರೆ ಜೋಡಿಸುವುದು ಹೇಗೆ? ಖಬಬ್ ಜೋರೋ ಹರ್ವಲಾ ಜೋರೋ ಹೇಳಬಹುದು. ಜಟಕಾ ಕುದುರೆಯ ಹದವಾದ ನಡೆ ಹಮ್ಲಜಕ್ಕೂ ಖಬಬಿಗೂ ನಡುವೆ ಒಂಬತ್ತು ಪದಗಳಿದ್ದರೆ? ಪಾಠದ ನೆಪದಲ್ಲಿ ಬಳಸಿ ಬಳಸಿ ಕೇಳಿದೆ. ಮೊದಲಾಗಿದ್ದರೆ ತಾಸುಗಟ್ಟಲೆ ಹೇಳುತ್ತಿದ್ದವರು ಈಗ ಚುಟುಕಾಗಿ ಉತ್ತರಿಸಿ, ನಾನು ಹೇಳಿದ್ದು ಸರಿಯೋ ಇಲ್ಲವೋ ನಿಘಂಟು ನೋಡಿಬಿಡು ಎನ್ನತೊಡಗಿದರು. ಕರು ಎಂದು ಕರೆಯುವುದು ನಿಂತಿತು. ಡಬ್ಬಿ ಮುಟ್ಟುವುದೂ ನಿಂತಿತು. ಕಣ್ಣಿನ ಕಾಯಿಲೆ ಹೆಚ್ಚಾಗಿರಬೇಕು, ಅದಕ್ಕೇ ಬೇಸರ ಎಂದು ನನಗೆ ನಾನೇ ಸುಳ್ಳು ಹೇಳಿಕೊಂಡು ಮೂರು ವಾರ ತಳ್ಳಿದೆ.

ನಾಲ್ಕನೆಯ ವಾರ ಸಿರುಗುಪ್ಪಕ್ಕೆ ಹೋಗಬೇಕು, ಜೊತೆಗೆ ಬಾ ಎಂದರು. ಹೊಸ ಸಾಕ್ಷಿ ಹುಡುಕಲು ಮನಸ್ಸು ಬಂತು, ಬದುಕಿದೆ ಎಂದುಕೊಂಡು ಹೊರಟೆ. ಬಸ್ಸಿನಲ್ಲಿ ಕೂತ ಮೇಲೆ ಸೊಸೆಯ ತೊಡೆಯ ಮೇಲಿನ ಚೀಲ ನೋಡಿದೆ. ಡಬ್ಬಿ ಅದರಲ್ಲಿತ್ತು. ಅಕ್ಷರ ಬರೆದ ಕಾಗದವನ್ನು, ಅದರಲ್ಲೂ ಅರಬ್ಬಿ ಅಕ್ಷರವನ್ನು, ಅವರ ಮನೆಯಲ್ಲಿ ಕಸಕ್ಕೆ ಹಾಕುವುದಿಲ್ಲ, ರದ್ದಿಗೆ ಕೊಡುವುದಿಲ್ಲ, ಕಾಲಿಗೆ ತಾಗಲು ಬಿಡುವುದಿಲ್ಲ. ಮುಗಿದುಹೋದದ್ದನ್ನು ಹರಿಯುವ ನೀರಿಗೆ ಬಿಡುತ್ತಾರೆ. ಸೊಸೆ ತಗ್ಗಿದ ದನಿಯಲ್ಲಿ ಹೇಳಿದಳು: ಅಣ್ಣನ ಹಾಗೆ ತಮಗೂ ಮರೆವು ಹತ್ತಿದೆ, ತಲೆಯಲ್ಲಿ ಇರುವುದು ಒಂದು, ಚೀಟಿಯಲ್ಲಿ ಇರುವುದು ಒಂದು ಆಗಿದೆ, ತಪ್ಪು ಅರ್ಥ ಬಿಟ್ಟು ಹೋದರೆ ಮುಂದಿನವರಿಗೆ ಮೋಸ, ಅದಕ್ಕೇ ಹೊಳೆಗೆ ಬಿಡುವುದು ಎಂದು ಅಬ್ಬಾ ತೀರ್ಮಾನಿಸಿದ್ದಾರೆ.

ಬಸ್ಸು ಹೋಗುತ್ತಿತ್ತು. ಎರಡೂ ಕಡೆ ಭತ್ತದ ಗದ್ದೆಗಳು, ನೀರಿನ ಮೇಲೆ ಬೆಳ್ಳಕ್ಕಿಗಳು, ಕಾಲುವೆಯೊಂದು ನಮ್ಮ ಜೊತೆಗೇ ಸ್ವಲ್ಪ ದೂರ ಬಂದು ತಿರುಗಿತು. ಉಸ್ತಾದರು ಕಿಟಕಿಯ ಕಡೆ ನೋಡದೆ ಎದುರಿನ ಸೀಟನ್ನು ನೋಡುತ್ತ, ಆ ಬಿಳಿ ಬಿಳಿ ಹಾರಾಟವನ್ನೆಲ್ಲ ಕಣ್ಣಿನ ಅಂಚಿನಲ್ಲಿ ಸವಿಯುತ್ತಿದ್ದರು. ಈ ಊರು ದಾಟಲಿ ಹೇಳುತ್ತೇನೆ, ಆ ರೈಸ್ ಮಿಲ್ಲು ದಾಟಲಿ ಹೇಳುತ್ತೇನೆ ಎಂದುಕೊಳ್ಳುತ್ತ ಸಿರುಗುಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಇಳಿದೆ. ಜನ್ಮದಲ್ಲಿ ಮೊದಲ ಸಲ ನಾನು ಎಲ್ಲರಿಗಿಂತ ಹಿಂದೆ ನಡೆಯುತ್ತಿದ್ದೆ.

ತುಂಗಭದ್ರೆಯಲ್ಲಿ ನೀರು ತೆಳ್ಳಗಿತ್ತು, ನಡುವೆ ಮಾತ್ರ ಸೆಳವು. ಸೊಸೆ ಅವರ ಕೈ ಹಿಡಿದು ಮೊಣಕಾಲು ಮಟ್ಟದ ನೀರಿಗೆ ಇಳಿಸಿದಳು. ಅವರು ಏನೋ ಸಣ್ಣಗೆ ಹೇಳಿಕೊಂಡು ಒಂದು ಹಿಡಿ ಚೀಟಿ ತೆಗೆದು ನೀರಿನ ಮೇಲೆ ಹಗುರವಾಗಿ ಇಟ್ಟರು. ಎರಡನೆಯ ಹಿಡಿ. ಲಗ್ನಪತ್ರಿಕೆಯ ದಪ್ಪ ಕಾಗದ, ಮುಳುಗಲಿಲ್ಲ. ಚಿನ್ನದ ಬಳ್ಳಿಗಳು ಬಿಸಿಲಿಗೆ ಮಿನುಗುತ್ತ, ತಿರುಗುತ್ತ, ಸಾಲಾಗಿ ಹೊರಟವು. ಅದು ಎಷ್ಟು ಚೆಂದವಿತ್ತೆಂದರೆ ನಾನು ಒಂದು ಕ್ಷಣ ಕನಸಿನಲ್ಲಿದ್ದಂತೆ ನೋಡುತ್ತ ನಿಂತೆ. ಆ ಕ್ಷಣಕ್ಕೆ ನನ್ನನ್ನು ನಾನು ಇನ್ನೂ ಕ್ಷಮಿಸಿಲ್ಲ.

ಅವರ ಕೈ ಮೂರನೆಯ ಸಲ ಡಬ್ಬಿಗೆ ಹೋದಾಗ ನಾನು ನೀರಿಗೆ ಇಳಿದು ಆ ಕೈ ಹಿಡಿದೆ.

“ಉಸ್ತಾದರೇ, ತಡೀರಿ. ನಿಮ್ಮ ತಲಿ ತಪ್ಪಿಲ್ಲ. ಡಬ್ಬಿ ತಪ್ಪೈತಿ. ನೀವು ಹುಬ್ಬಳ್ಳಿಗೆ ಹೋದಾಗ ನಾನು ಅದನ್ನ ಅಕಾರಾದಿ ಜೋಡ್ಸೀನಿ. ಅವತ್ತಿಂದ ಬಾಯಿ ಮುಚ್ಕೊಂಡು ಅದೀನಿ.”

ನನ್ನ ಮುಖ ಅವರಿಗೆ ಕಾಣುವುದಿಲ್ಲ ಎಂಬುದು ಗೊತ್ತಿದ್ದರೂ ನಾನು ತಲೆ ತಗ್ಗಿಸಿದೆ. ಸೊಸೆ ನನ್ನನ್ನು ಮೇಲಿಂದ ಕೆಳಗೆ ನೋಡಿ, ಅಬ್ಬಾ ಮೂರು ವಾರದಿಂದ ಸರಿಯಾಗಿ ಅನ್ನ ಉಂಡಿಲ್ಲ ಮೇಡಂ ಎಂದಳು. ನನಗೆ ನಿಲ್ಲಲಾಗಲಿಲ್ಲ. ಸೀರೆ ಎತ್ತಿಕಟ್ಟಿ ದಡದುದ್ದಕ್ಕೂ ಓಡಿದೆ. ಅರವತ್ತೊಂದರ ಕಾಲು, ನುಣುಪು ಕಲ್ಲು, ಎರಡು ಸಲ ಬಿದ್ದೆ. ಕಲ್ಲಿಗೆ ತಾಗಿ ನಿಂತಿದ್ದ ಹದಿನಾಲ್ಕು ಚೀಟಿ ಸಿಕ್ಕವು. ಉಳಿದವು ನಡುವಿನ ಸೆಳವು ಸೇರಿದ್ದವು, ನನ್ನ ಎಂಥ ಜೋರಿಗೂ ನಿಲುಕಲಿಲ್ಲ.

ಒದ್ದೆಯಾಗಿ ವಾಪಸು ಬಂದಾಗ ಅವರು ದಡದ ಬಂಡೆಯ ಮೇಲೆ ಕೂತಿದ್ದರು. ಬೈಯಲಿ ಎಂದು ಕಾದೆ. ಅವರು ಎರಡೂ ಕೈಯಿಂದ ತಮ್ಮ ತಲೆಯನ್ನು ಹಿಡಿದುಕೊಂಡು, “ಹಂಗಾದ್ರ ನಾನಿನ್ನೂ ಅದೀನೇನು?” ಎಂದರು.

ಅದೀರಿ ಎಂದೆ. ಅವರ ಕಣ್ಣಲ್ಲಿ ನೀರು ಬಂತು, ನನಗೂ ಬಂತು. ಸ್ವಲ್ಪ ಹೊತ್ತಿನ ಮೇಲೆ ಅವರು ಸಿಟ್ಟಿಲ್ಲದ ದನಿಯಲ್ಲಿ ಹೇಳಿದರು:

“ಮೂರು ವಾರ ಆತು ತಂಗೆಮ್ಮ. ದಿನಾ ಮುಂಜಾನಿ ಎದ್ದು, ಯಾರಿಗೂ ಕೇಳ್ದಂಗ ಮೊಮ್ಮಕ್ಕಳ ಹೆಸರು ಹೇಳ್ಕೊಂಡು ನೋಡ್ತಿದ್ದೆ. ಇವತ್ತು ಯಾವುದು ಮರೀತೀನೋ ಅಂತ.”

ಬೈದಿದ್ದರೆ ಚೆನ್ನಾಗಿತ್ತು. ನಾನು ಅವರ ಪಾದ ಮುಟ್ಟಲು ಬಾಗಿದೆ, ಅವರು ಕಾಲು ಹಿಂದಕ್ಕೆ ಎಳೆದುಕೊಂಡು, ಚೀಟಿ ಒಣಗಿಸು ಎಂದರು. ಮೂವರೂ ಬಂಡೆಯ ಮೇಲೆ ಹದಿನಾಲ್ಕು ಪದಗಳನ್ನು ಬಿಸಿಲಿಗೆ ಹರಡಿ ಕಾದೆವು. ಶಾಯಿ ಅಲ್ಲಲ್ಲಿ ಕದಡಿತ್ತು, ಸಾಕ್ಷಿಯ ಸಾಲುಗಳು ಓದಲು ಬರುತ್ತಿದ್ದವು.

ವಾಪಸು ಬಸ್ಸಿನಲ್ಲಿ ನಾನು ನೋಟುಬುಕ್ಕು ತೆಗೆದು, ಡಬ್ಬಿಯಿಂದ ಕೈಗೆ ಸಿಕ್ಕ ಚೀಟಿಗಳನ್ನು ಒಂದೊಂದಾಗಿ ಓದುತ್ತ ಹೋದೆ. ಇದು ಯಾವುದರ ಹಿಂದೆ, ಯಾವುದರ ಮುಂದೆ ಎಂದು ಅವರು ತಡವರಿಸದೆ ಹೇಳಿದರು. ಹೊಳೆಗೆ ಹೋದ ಪದಗಳನ್ನೂ ನಡುನಡುವೆ ತಾವಾಗಿಯೇ ಹೇಳಿ, ಬೇರು ಹೇಳಿ, ಸಾಕ್ಷಿ ಹೇಳಿ ಬರೆಸಿದರು. ನನ್ನ ಪೆನ್ನು ಅವರ ನೆನಪಿನ ಹಿಂದೆ ಓಡಿ ಓಡಿ ಸೋತಿತು. ಇಷ್ಟು ನಿಚ್ಚಳ ತಲೆಯನ್ನು ಅನುಮಾನಿಸುವಂತೆ ಮಾಡಿದೆನಲ್ಲ ಎಂದು ಎದೆ ಹಿಂಡುತ್ತಿತ್ತು. ಅದೇ ಹೊತ್ತಿಗೆ, ಇನ್ನು ಎಲ್ಲ ಸರಿಹೋಯಿತು ಎಂಬ ಸಮಾಧಾನವೂ ಆಗುತ್ತಿತ್ತು.

ತೆಕ್ಕಲಕೋಟೆ ದಾಟಿದ ಮೇಲೆ ಅವರು ಸಾಕು ಎಂದು ಕೈ ಮಾಡಿ ಕಿಟಕಿಗೆ ಒರಗಿದರು. ನಿದ್ದೆ ಬಂತೇನೋ ಎಂದುಕೊಂಡೆ. ನಿದ್ದೆಯಲ್ಲ. ತುಟಿ ಅಲ್ಲಾಡುತ್ತಿತ್ತು. ದೊಡ್ಡ ಮೊಮ್ಮಗಳಿಂದ ಶುರುಮಾಡಿ ಕೊನೆಯವನವರೆಗೆ ಒಂಬತ್ತು ಹೆಸರು ಹೇಳಿದರು. ಸೊಸೆ ಬೆರಳು ಮಡಚಿ ಎಣಿಸಿ, ಎಲ್ಲ ಸರಿಯಾಗಿ ಅದಾವ ಅಬ್ಬಾ ಎಂದಳು. ಅವರು ಹೂಂ ಎಂದು ತಲೆ ಆಡಿಸಿದರು. ಬಸ್ಸು ಸ್ವಲ್ಪ ದೂರ ಹೋಯಿತು. ಆಮೇಲೆ ಮತ್ತೆ ದೊಡ್ಡವಳಿಂದ ಶುರುಮಾಡಿದರು.